ಬೆನ್ನ ಹಿಂದಿನ ಬಂದರು

ಬಂದರು ತೋರಿಸುವ ದೋಣಿಯಲ್ಲಿ ಇಪ್ಪತ್ತಾರು ವರ್ಷದಿಂದ ಮೈಕು ಹಿಡಿದು ನಿಂತಿದ್ದ ಮನುಷ್ಯನನ್ನು ಕಂಡವರೆಲ್ಲ ಮೈಕಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬೆಚ್ಚಗೆ ಮಲಗಿತ್ತು. ಅವನು ಸೇರಿದ್ದು ದಡದಲ್ಲಿ ದೋಣಿಗೆ ಹಗ್ಗ ಕಟ್ಟುವ ಕೆಲಸಕ್ಕೆ. ಒಂದು ದಿನ ಆಗಿನ ವಿವರಣೆಗಾರ ಕೆಮ್ಮು ತಡೆಯಲಾರದೆ, "ಎರಡು ನಿಮಿಷ ಹಿಡ್ಕೊಂಡಿರು" ಎಂದು ಮೈಕನ್ನು ಇವನ ಕೈಗೆ ಕೊಟ್ಟು ಪಕ್ಕಕ್ಕೆ ಹೋದ. ಆ ಎರಡು ನಿಮಿಷ ಇನ್ನೂ ಮುಗಿದಿರಲಿಲ್ಲ.

ಅವನ ಮಾತಿಗೆ ಆಧಾರ ಕೇಳಬಾರದು. ದಡದ ಮೇಲಿನ ಹಳೆಯ ವ್ಯಾಪಾರಿಯ ಬಂಗಲೆಗೆ ಮೊದಲ ವರ್ಷ ನಲವತ್ತು ಕಿಟಕಿಗಳಿದ್ದವು. ವರ್ಷಕ್ಕೆ ಎರಡೋ ಮೂರೋ ಸೇರಿ ಈಗ ನೂರ ಹತ್ತಾಗಿದ್ದವು. ಬಂಗಲೆಯಲ್ಲಿ ಒಂದು ಇಟ್ಟಿಗೆಯೂ ಅಲುಗಿರಲಿಲ್ಲ. ನೀರಿನ ಮಧ್ಯೆ ಎದ್ದುನಿಂತ ಕರಿಬಂಡೆಯ ಮೇಲೆ ಒಬ್ಬ ನಾವಿಕ ಏಳು ದಿನ ಬದುಕಿದ್ದ. ಮಳೆಗಾಲದಲ್ಲಿ ಪ್ರಯಾಣಿಕರು ಕಡಿಮೆಯಾಗಿ ಮೈಕಣ್ಣನಿಗೆ ಬೇಸರವಾದಾಗ ಅದೇ ನಾವಿಕ ಮೂರು ವಾರ ಬದುಕುತ್ತಿದ್ದ. ಹೇಳುವವನು ಹೇಳಿದ, ಕೇಳುವವರು ಕೇಳಿದರು, ನಾವಿಕನೇನೂ ತಕರಾರು ಮಾಡಲಿಲ್ಲ.

ಅವನು ನಿಲ್ಲುತ್ತಿದ್ದ ರೀತಿಯನ್ನೂ ಹೇಳಬೇಕು. ದೋಣಿಯ ಮುಂಭಾಗದಲ್ಲಿ, ಪ್ರಯಾಣಿಕರಿಗೆ ಮುಖ ಮಾಡಿ, ಬಂದರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಅವನ ಎಡ ಅವರ ಬಲ, ಅವನ ಬಲ ಅವರ ಎಡ. ಮೊದಮೊದಲು ತಪ್ಪುತ್ತಿತ್ತು. ಆಮೇಲೆ ತಲೆಯೊಳಗೆ ಯಾವುದೋ ಕೀಲನ್ನು ತಿರುಗಿಸಿಕೊಂಡ. ಮನಸ್ಸು ಬಲ ಎಂದರೆ ಬಾಯಿ ತಾನಾಗಿಯೇ ಎಡ ಎನ್ನುತ್ತಿತ್ತು. ಯಾವ ಜಾಗ ಬಂತು ಎಂದು ತಿರುಗಿ ನೋಡುವ ಕಷ್ಟವೂ ಅವನಿಗಿರಲಿಲ್ಲ. ಮುಂದಿನ ಸಾಲಿನವರ ಕತ್ತು ಎತ್ತ ಹೊರಳಿತು ಎಂದು ನೋಡಿದರೆ ಸಾಕಿತ್ತು. ದಿನಕ್ಕೆ ಆರು ಸಲ ಊರಿಗೆಲ್ಲ ಬಂದರು ತೋರಿಸಿದ ಮಹಾನುಭಾವ ತಾನು ಮಾತ್ರ ಅದನ್ನು ಸರಿಯಾಗಿ ನೋಡಿರಲಿಲ್ಲ.

ಇದನ್ನೆಲ್ಲ ದಡದ ಮರದ ಗೂಡಿನಲ್ಲಿ ಕೂತು ಗಮನಿಸುತ್ತಿದ್ದವಳು ಟಿಕೆಟ್ ಕೊಡುವ ಹೆಂಗಸು. ವಯಸ್ಸಿನಲ್ಲಿ ಮೈಕಣ್ಣನಿಗಿಂತ ಚಿಕ್ಕವಳಾದರೂ ಎಲ್ಲರಿಗೂ ಅವಳು ಅಕ್ಕ. ಹದಿನೈದು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಮೊದಲ ದಿನ, ಬೆಳಗಿನ ದೋಣಿಯ ಟಿಕೆಟ್ಟುಗಳನ್ನೆಲ್ಲ ಸಂಜೆಯ ದೋಣಿಯವರಿಗೆ ಹರಿದು ಕೊಟ್ಟು, ಸಾಲಿನಲ್ಲಿದ್ದವರಿಂದ ಬೈಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು. ಆಗ ಮೈಕಣ್ಣ ದೋಣಿಯಿಂದಿಳಿದು ಬಂದು, ಆ ಸಾಲಿನ ಮುಂದೆ ನಿಂತು ಅರ್ಧ ಗಂಟೆ ಕರಿಬಂಡೆಯ ಕತೆ ಹೇಳಿದ್ದ. ಅವಳು ಟಿಕೆಟ್ಟು ಸರಿಮಾಡುವವರೆಗೆ ನಾವಿಕ ಸಾಯಲಿಲ್ಲ. ಆ ಒಂದು ಉಪಕಾರಕ್ಕಾಗಿ ಅವಳು ಹದಿನೈದು ವರ್ಷ ಅವನ ಮಾತು ಸಹಿಸಿಕೊಂಡಿದ್ದಳು. ಸಹಿಸಿಕೊಳ್ಳುತ್ತ ಸಹಿಸಿಕೊಳ್ಳುತ್ತ ಅವನನ್ನು ಹಚ್ಚಿಕೊಂಡೂ ಬಿಟ್ಟಿದ್ದಳು.

ಹೀಗಿರುವಾಗ ಹೊಸ ಮ್ಯಾನೇಜರು ಮೈಕಣ್ಣನನ್ನು ಕರೆಸಿ, "ನಿಮ್ಮ ದನಿ ನಮ್ಮ ಆಸ್ತಿ. ಅದನ್ನ ರೆಕಾರ್ಡ್ ಮಾಡಿ ಇಟ್ಕೋಬೇಕು ಅಂತಿದೀವಿ" ಎಂದರು. ಮೈಕಣ್ಣ ನೆಲದಿಂದ ಒಂದು ಗೇಣು ಮೇಲೆ ನಡೆಯತೊಡಗಿದ. ಮನೆಯಲ್ಲಿ ಹೆಂಡತಿ ಅಕ್ಕಪಕ್ಕದವರಿಗೆಲ್ಲ ಹೇಳಿಬಂದಳು. ದನಿಯ ರೆಕಾರ್ಡಿಂಗಿಗೆ ಹೊಸ ಅಂಗಿ ಹೊಲಿಸಿದ ಮನುಷ್ಯನನ್ನು ಆ ಊರಿನ ದರ್ಜಿ ಅದೇ ಮೊದಲು ನೋಡಿದ್ದು.

ಆ ವಾರವೇ ಅಕ್ಕ ಹೊಸ ಟಿಕೆಟ್ ಸುರುಳಿ ತರಲು ಆಫೀಸಿಗೆ ಹೋದಾಗ ಪ್ರಿಂಟರಿನ ಬಾಯಲ್ಲಿ ಒಂದು ಹಾಳೆ ನೇತಾಡುತ್ತಿತ್ತು. ಓದಬಾರದಿತ್ತು, ಓದಿದಳು. ಧ್ವನಿಮುದ್ರಣ ಪೂರ್ಣಗೊಂಡ ತಿಂಗಳಿನಿಂದ ದೋಣಿಯಲ್ಲಿ ಮುದ್ರಿತ ವಿವರಣೆಯ ಪೆಟ್ಟಿಗೆ ಕೂರಿಸಲಾಗುವುದು, ವಿವರಣೆಗಾರರ ಹುದ್ದೆಯ ಅಗತ್ಯವಿರುವುದಿಲ್ಲ ಎಂದು ಅದರಲ್ಲಿತ್ತು. ಅಂದರೆ ಮೈಕಣ್ಣ ತನ್ನ ನಾಲಗೆಯಿಂದಲೇ ತನ್ನ ಕೆಲಸ ಕಳೆದುಕೊಳ್ಳಲು ಹೊರಟಿದ್ದ, ಅದೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಅವನು ಬಾಯಿ ತೆರೆಯದಿದ್ದರೆ ಪೆಟ್ಟಿಗೆಗೆ ತುಂಬಲು ಏನೂ ಇರುವುದಿಲ್ಲ, ಕೆಲಸ ಉಳಿಯುತ್ತದೆ. ಅವನಿಗೆ ಇದನ್ನು ಹೇಳಲೇಬೇಕಿತ್ತು.

ಹೇಳುವುದೇನೋ ಸರಿ, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಕ್ಕ ಮೊದಲು ದೋಣಿ ನಡೆಸುವವನಿಗೆ ಹೇಳಿದಳು. ಅವನು ಮೈಕಣ್ಣನ ಹೆಂಡತಿಯ ತಮ್ಮ. ದಿನವಿಡೀ ಭಾವನ ಮಾತು ಕೇಳಿ ಕೇಳಿ ತಾನು ಮಾತಾಡುವುದನ್ನೇ ಮರೆತವನು. "ನೀವೇ ಹೇಳಿ ಅಕ್ಕ" ಎಂದ. ಆಮೇಲೆ ಹಲ್ಲಿನ ಡಾಕ್ಟರಿಗೆ ಹೇಳಿದಳು. ಅವರು ಮೈಕಣ್ಣನ ಶಾಲೆಯ ಗೆಳೆಯ. "ನಾನು ಓದಿರೋದು ಬಾಯಿ ತೆಗೆಸೋಕೆ ತಾಯಿ, ಮುಚ್ಚಿಸೋಕಲ್ಲ" ಎಂದರು ಡಾಕ್ಟರು. ಕೊನೆಗೆ ಮೂವರೂ ಸೇರಿ ಒಂದು ಉಪಾಯ ಹೂಡಿದರು. ತಳಕ್ಕೆ ಅಂಟಿದ ಪಾಚಿ ಕೆರೆಯಲು ದೋಣಿಯನ್ನು ದಡಕ್ಕೆ ಎಳೆಯುವ ದಿನ, ರೆಕಾರ್ಡಿಂಗಿನ ಹಿಂದಿನ ದಿನವೇ ಇತ್ತು. ಅವತ್ತು ಅವನನ್ನು ಗುಡ್ಡದ ಕಾಡಿಗೆ ಕರೆದುಕೊಂಡು ಹೋಗುವುದು. ಏರು ಹತ್ತುವಾಗ ಎಂಥವನಿಗೂ ಉಸಿರು ಕಟ್ಟಿ ಮಾತು ನಿಲ್ಲುತ್ತದೆ. ನಿಂತ ತಕ್ಷಣ ಹೇಳಿಬಿಡುವುದು.

ಉಪಾಯ ಚೆನ್ನಾಗಿಯೇ ಇತ್ತು. ಮೈಕಣ್ಣನ ಉಸಿರಿನ ಲೆಕ್ಕ ಮಾತ್ರ ತಪ್ಪಿತ್ತು.

ಬಸ್ಸಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಮೊಣಕಾಲೂರಿ ಹಿಂದಕ್ಕೆ ತಿರುಗಿ ಕೂತ. ಒಂದು ಕೈ ಗಲ್ಲದ ಹತ್ತಿರ ಮುಷ್ಟಿ ಕಟ್ಟಿಕೊಂಡಿತ್ತು. ಮೈಕಿಲ್ಲದಿದ್ದರೂ ಕೈಗೆ ಅಭ್ಯಾಸ ಬಿಡುವುದಿಲ್ಲ.

"ಮೈಕಣ್ಣ, ನಾಳೆ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು" ಎಂದಳು ಅಕ್ಕ.

"ನಾಳೆ! ಅದನ್ನೇ ಹೇಳೋಕೆ ಬಂದೆ. ನಿನ್ನೆಯಿಂದ ತಣ್ಣೀರು ಮುಟ್ಟಿಲ್ಲ. ರಾತ್ರಿ ಜೇನುತುಪ್ಪ, ಬೆಳಿಗ್ಗೆ ಉಪ್ಪುನೀರು. ನಿಮ್ಮ ಅತ್ತಿಗೆ ಅಂತೂ ನನ್ನ ಜೊತೆ ಜಗಳಾನೇ ನಿಲ್ಲಿಸಿದಾಳೆ, ಗಂಟಲು ಕೆಡುತ್ತೆ ಅಂತ. ಒಂದು ದನಿ ಅಂದ್ರೆ ಏನು ಅಕ್ಕ? ನೀವು ಹರಿಯೋ ಟಿಕೆಟ್ಟು ಸಂಜೆಗೆ ಕಸದ ಬುಟ್ಟಿ ಸೇರುತ್ತೆ. ನನ್ನ ದನಿ ಹಾಗಲ್ಲ."

ಕಸದ ಬುಟ್ಟಿಯ ಮಾತು ಕೇಳಿ ಅಕ್ಕನಿಗೆ ಮೈ ಉರಿಯಿತು. ಹಾಳಾಗಿ ಹೋಗಲಿ, ನಾನೇಕೆ ಹೇಳಲಿ ಎಂದುಕೊಂಡಳು. ಎರಡು ಸ್ಟಾಪು ಕಳೆಯುವ ಹೊತ್ತಿಗೆ ಸಿಟ್ಟು ಇಳಿದು ಮತ್ತೆ ಅವನ ಚಿಂತೆಯೇ ಹತ್ತಿತು.

ಕಾಡಿನ ಬಾಗಿಲಲ್ಲಿ ತಗಡಿನ ಗುಡಿಸಲಿತ್ತು. ಅದರ ಮುಂದೆ ಕಾವಲಿನವನು ಕುರ್ಚಿ ಹಾಕಿಕೊಂಡು ಕೂತಿದ್ದ. "ಮುಂದೆ ದಾರಿ ಕವಲೊಡೆಯುತ್ತೆ. ಎಡಕ್ಕೆ ಹೋಗಿ. ಬಲಕ್ಕೆ ಹೋದ್ರೆ ಹಳೇ ಕಲ್ಲುಗಣಿ, ಅಲ್ಲೇನೂ ಇಲ್ಲ" ಎಂದ. ಮೈಕಣ್ಣ ತಲೆಯಾಡಿಸಿ ಮುಂದಾಳಾದ. ಮುಂದಾಳು ಎಂದರೆ ಮುಂದೆ ನೋಡಿ ನಡೆಯುವವನಲ್ಲ; ಹಿಂದಿನವರಿಗೆ ಮುಖ ಮಾಡಿ, ಬೆನ್ನು ಮುಂದೆ ಮಾಡಿ, ಹಿಮ್ಮುಖವಾಗಿ ನಡೆಯುವವನು. ಎದುರಿಗೆ ಮೂರು ಜೋಡಿ ಕಿವಿಗಳಿರುವಾಗ ಅವಕ್ಕೆ ಬೆನ್ನು ಹಾಕಿ ನಡೆಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಮರ, ಪೊದೆ, ಹುತ್ತ, ಎಲ್ಲಕ್ಕೂ ಒಂದೊಂದು ಚರಿತ್ರೆ ಹುಟ್ಟಿತು. ಒಂದು ಬೊಡ್ಡೆಯ ಮೇಲೆ ದರೋಡೆಕೋರನೊಬ್ಬ ತನ್ನ ತಂಗಿಯ ಹೆಸರು ಕೆತ್ತಿದ್ದನಂತೆ. ಬೊಡ್ಡೆಯ ಮೇಲೆ ಅರಣ್ಯ ಇಲಾಖೆಯ ನಂಬರು ಇತ್ತು.

ಕವಲು ಬಂತು. ಮೈಕಣ್ಣ ನಿಂತ. "ಕಾವಲಿನವ್ನು ಎಡ ಅಂದ. ಅವನು ನಮ್ಮ ಎದುರಿಗೆ ಕೂತು ಹೇಳಿದ್ದು. ಎದುರಿಗಿರೋನ ಎಡ ಅಂದ್ರೆ ನಮಗೆ ಬಲ. ಇದು ಇಪ್ಪತ್ತಾರು ವರ್ಷದ ಅನುಭವ."

"ಹೌದಲ್ಲ!" ಎಂದರು ಹಲ್ಲಿನ ಡಾಕ್ಟರು. "ನಮ್ಮಲ್ಲೂ ಹಾಗೇ. ರೋಗಿ ಎಡದವಡೆ ನೋವು ಅಂದ್ರೆ ನನಗದು ಬಲಗಡೆ. ಒಂದ್ಸಲ ಮರೆತು ಒಳ್ಳೇ ಹಲ್ಲು ಕಿತ್ತುಬಿಟ್ಟಿದ್ದೆ."

"ಎಡ" ಎಂದ ಭಾವಮೈದ.

ಬೆಳಗಿನಿಂದ ಅವನು ಆಡಿದ ಒಂದೇ ಮಾತು ಅದು, ಸರಿಯಾದದ್ದೂ ಆಗಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಬ್ಬರು ಅನುಭವಸ್ಥರು ಕೈ ಜೋಡಿಸಿದ ಮೇಲೆ ಮೂರನೆಯವನ ಬುದ್ಧಿಗೆ ಏನು ಬೆಲೆ? ನಾಲ್ವರೂ ಬಲಕ್ಕೆ ನಡೆದರು.

ಮುಕ್ಕಾಲು ಗಂಟೆಯ ಮೇಲೆ ಕಲ್ಲುಗಣಿ ಬಂತು. ಪಾಚಿಗಟ್ಟಿದ ನೀರು, ತುಕ್ಕು ಹಿಡಿದ ಒಂದು ತಳ್ಳುಗಾಡಿ, ಮೂರು ಕಡೆ ಗೋಡೆಯಂತೆ ಕಡಿದ ಕಲ್ಲು. ಮೈಕಣ್ಣ ಒಂದು ಗಳಿಗೆ ಸುಮ್ಮನಾದ. ಅಕ್ಕ ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಅವನು, "ನಿಮಗೆ ಇದನ್ನ ತೋರಿಸಬೇಕು ಅಂತಲೇ ಕರ್ಕೊಂಡು ಬಂದೆ. ಇಡೀ ಬಂದರಿನ ತಡೆಗೋಡೆ ಕಟ್ಟಿದ್ದು ಇದೇ ಕಲ್ಲಿಂದ" ಎಂದು ಶುರುಮಾಡಿದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಡಾಕ್ಟರು ಬ್ರೆಡ್ಡು, ಬೇಯಿಸಿದ ಮೊಟ್ಟೆ ಬಿಚ್ಚಿದರು. ಬಾಯಿ ತುಂಬಿದಾಗಲಾದರೂ ಹೇಳೋಣವೆಂದು ಅಕ್ಕ ಕಾದಳು. ತುಂಬಿದ ಬಾಯಲ್ಲೂ ಮಾತು ಬರುತ್ತಿತ್ತು, ಜೊತೆಗೆ ಮೊಟ್ಟೆಯ ಹಳದಿಯೂ ಬರುತ್ತಿತ್ತು.

ಬಂದ ದಾರಿಯಲ್ಲೇ ಹಿಂದಿರುಗಿ, ಎಡದ ಹಾದಿ ಹಿಡಿದು, ಸುಡುವ ಬಿಸಿಲಲ್ಲಿ ಗುಡ್ಡದ ನೆತ್ತಿ ಮುಟ್ಟಿದಾಗ ಮೂರು ಗಂಟೆ. ಅಲ್ಲಿ ಕಬ್ಬಿಣದ ಕಟಕಟೆ ಹಾಕಿದ್ದರು. ಕೆಳಗೆ ಇಡೀ ಬಂದರು ಹರವಿಕೊಂಡು ಬಿದ್ದಿತ್ತು. ಒಂದು ಕುಟುಂಬ ಕಟಕಟೆಗೆ ಒರಗಿ ನಿಂತಿತ್ತು: ಅಪ್ಪ, ಅಮ್ಮ, ಎಂಟೊಂಬತ್ತು ವರ್ಷದ ಮಗಳು. ಅಪ್ಪನಾದವನು ಡಾಕ್ಟರನ್ನು, "ಅದು ಏನು ಸಾರ್ ಬಿಳಿ ಕಟ್ಟಡ?" ಎಂದು ಕೇಳಿದ. ಡಾಕ್ಟರು ಮೈಕಣ್ಣನ ಕಡೆ ಕೈ ತೋರಿಸಿ, "ಇವರನ್ನ ಕೇಳಿ. ಬಂದರು ಇವರ ಅಂಗೈ ಇದ್ದ ಹಾಗೆ" ಎಂದರು.

ಮೈಕಣ್ಣ ಕಟಕಟೆಯ ಹತ್ತಿರ ಹೋದ. ಅಭ್ಯಾಸದಂತೆ ಬಂದರಿಗೆ ಬೆನ್ನು ಹಾಕಲು ತಿರುಗಿದ. ಆದರೆ ಆ ಮೂವರ ಕಣ್ಣು ಕೆಳಗಿತ್ತು, ಇವನ ಮುಖದ ಮೇಲಿರಲಿಲ್ಲ. ವಿಧಿಯಿಲ್ಲದೆ ಅವನೂ ತಿರುಗಿ ಕೆಳಗೆ ನೋಡಿದ. ನೋಡಿದ, ನೋಡುತ್ತಲೇ ನಿಂತ.

"ಅದು... ವ್ಯಾಪಾರಿಯ ಬಂಗಲೆ. ನೂರ ಹತ್ತು ಕಿಟಕಿ."

ಹುಡುಗಿ ಅಮ್ಮನ ಫೋನು ತೆಗೆದು ನೋಡಿದಳು. "ಅಲ್ಲ ಅಂಕಲ್, ಅದು ಧಾನ್ಯದ ಗೋದಾಮು. ಬಂಗಲೆ ಆ ಕಡೆ ಇದೆ."

"ಹಾಂ, ಆ ಕಡೆ. ಅದರ ಪಕ್ಕ ದೀಪಸ್ತಂಭ."

"ಅದು ನೀರಿನ ಟ್ಯಾಂಕ್."

"ಕರಿಬಂಡೆ..." ಎಂದು ಅವನು ಕಣ್ಣು ಕಿರಿದುಮಾಡಿ ಹುಡುಕಿದ. ಕರಿಬಂಡೆ ಅವನ ಕಣ್ಣ ಮುಂದೆಯೇ ಇತ್ತು, ಒಂದು ನಾಯಿ ಮಲಗಿದಷ್ಟು ಗಾತ್ರಕ್ಕೆ. ಅದರ ಮೇಲೆ ಏಳು ದಿನವಿರಲಿ, ಏಳು ನಿಮಿಷ ನಿಲ್ಲುವುದೂ ಕಷ್ಟವಿತ್ತು. ಕುಟುಂಬದವರು ಮುಗುಳ್ನಕ್ಕು, ಥ್ಯಾಂಕ್ಸ್ ಹೇಳಿ, ಮುಂದಿನದನ್ನು ಫೋನಿನಲ್ಲೇ ನೋಡಿಕೊಳ್ಳುತ್ತ ಹೋದರು.

ಮೈಕಣ್ಣನ ಮುಷ್ಟಿ ಗಲ್ಲದಿಂದ ಕೆಳಗಿಳಿಯಿತು. ಆ ದಿನ ಮೊದಲ ಬಾರಿಗೆ ಕಾಡಿನಲ್ಲಿ ಹಕ್ಕಿಯ ದನಿ ಕೇಳಿಸಿತು. ಇದಕ್ಕಾಗಿ ಬೆಳಗಿನಿಂದ ಕಾದಿದ್ದ ಅಕ್ಕನಿಗೆ ಈಗ ಬಾಯಿ ತೆರೆಯಲು ಮನಸ್ಸಾಗಲಿಲ್ಲ. ಹಳ್ಳಕ್ಕೆ ಬಿದ್ದವನ ಮೇಲೆ ಇನ್ನೊಂದು ಕಲ್ಲು ಹಾಕಿದಂತಾಗುತ್ತದೆ ಎನ್ನಿಸಿತು. ಡಾಕ್ಟರು ಅವಳ ಮೊಣಕೈ ತಿವಿದರು. ಭಾವಮೈದ ಕಾಲ ಬುಡದ ಕಲ್ಲು ನೋಡುತ್ತಿದ್ದ. ಅವಳು ಹೇಳಿದಳು. ಪ್ರಿಂಟರಿನ ಬಾಯಲ್ಲಿ ಕಂಡದ್ದನ್ನು, ಇದ್ದದ್ದು ಇದ್ದ ಹಾಗೆ ಹೇಳಿ, "ನಾಳೆ ಹೋಗ್ಬೇಡಿ ಮೈಕಣ್ಣ. ಗಂಟಲು ಕೆಟ್ಟಿದೆ ಅನ್ನಿ. ನೀವು ಮಾತಾಡದೆ ಇದ್ರೆ ಅವ್ರು ಏನೂ ಮಾಡೋಕಾಗಲ್ಲ" ಎಂದಳು.

ಅವನು ಮೊದಲು ನಕ್ಕ. ಆಮೇಲೆ ಮುಖ ಕೆಂಪಾಯಿತು. "ಹೊಟ್ಟೆಕಿಚ್ಚು! ಮೂರೂ ಜನ ಸೇರ್ಕೊಂಡು ಇದಕ್ಕೇನಾ ನನ್ನ ಇಲ್ಲಿ ತನಕ ಹತ್ತಿಸಿದ್ದು? ಇಷ್ಟು ವರ್ಷದಲ್ಲಿ ಒಬ್ಬ ಅಧಿಕಾರಿ ಕರೆದು ಒಂದು ಒಳ್ಳೇ ಮಾತು ಆಡಿದ್ರೆ ನಿಮಗೆ ತಡ್ಕೊಳ್ಳೋಕಾಗಲ್ವಾ?" ಎಂದವನೇ ಒಬ್ಬನೇ ಇಳಿಯತೊಡಗಿದ. ಈ ಸಲ ಮುಖ ಮುಂದಕ್ಕಿತ್ತು. ಮೂವರು ಹಿಂದಿನಿಂದ, ಕದ್ದ ಮಾಲಿನೊಂದಿಗೆ ಸಿಕ್ಕಿಬಿದ್ದವರ ಹಾಗೆ, ಬಾಯಿ ಮುಚ್ಚಿಕೊಂಡು ಇಳಿದರು.

ಹಿಂದಿರುಗುವ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತ. ಅಕ್ಕನಿಗೆ ಅವನ ಪಕ್ಕದ ಜಾಗವೊಂದೇ ಸಿಕ್ಕಿತು. ಅರ್ಧ ದಾರಿ ಕಳೆದ ಮೇಲೆ, ಕಿಟಕಿಯಿಂದ ಮುಖ ತಿರುಗಿಸದೆಯೇ ಮೆಲ್ಲಗೆ ಹೇಳಿದ: "ನಂಗೂ ಅನುಮಾನ ಇತ್ತು ಅಕ್ಕ. ನಾನೇನು ಅಷ್ಟು ದಡ್ಡನಲ್ಲ. ಪೆಟ್ಟಿಗೆ ಬಂದ ಮೇಲೆ ಮನುಷ್ಯ ಯಾಕೆ ಬೇಕು?"

"ಗೊತ್ತಿದ್ದೂ ಹೋಗ್ತೀರಾ?"

"ನನ್ನ ಮಾತು ಮುಗಿಸು ಅಂದವರೇ ಎಲ್ಲಾ. ಹೆಂಡತಿ, ನನ್ನ ಭಾವಮೈದ, ನೀವು. ಇಟ್ಕೋತೀನಿ ಅಂದವನು ಆ ಮ್ಯಾನೇಜರೊಬ್ಬನೇ."

ಅಕ್ಕ ಕೈಯಲ್ಲಿದ್ದ ಬಸ್ಸಿನ ಟಿಕೆಟ್ಟನ್ನು ಸುರುಳಿ ಸುತ್ತಿದಳು, ಬಿಚ್ಚಿದಳು. ಇಳಿಯುವ ಸ್ಟಾಪು ಬಂದು ಅವನು ಇಳಿದುಹೋದ.

ಮರುದಿನ ಹತ್ತು ಗಂಟೆಗೆ ಮೈಕಣ್ಣ ಹೊಸ ಅಂಗಿಯಲ್ಲಿ ಆಫೀಸಿನ ಹಿಂಬದಿಯ ಕೋಣೆ ಹೊಕ್ಕ. ಸ್ಟೇಷನರಿ ಇಡುತ್ತಿದ್ದ ಕೋಣೆ ಅದು. ಗೋಡೆಗೆಲ್ಲ ಸ್ಪಂಜು ಬಡಿದು ಒಂದು ಕಡೆ ಗಾಜು ಕೂರಿಸಿದ್ದರು. ಎದುರಿಗೆ ಮೇಜು, ಮೇಜಿನ ಮೇಲೆ ಮೈಕು, ಮೈಕಿನ ಆಚೆ ಸ್ಪಂಜು. ಗಾಜಿನಾಚೆಯಿಂದ ರೆಕಾರ್ಡಿಂಗಿನವನು ಬೆರಳೆತ್ತಿ ಸನ್ನೆ ಮಾಡಿದ. ಮೈಕಣ್ಣ ಬಾಯಿ ತೆರೆದ. "ನಮಸ್ಕಾರ" ಎಂದ. ಅಲ್ಲಿಗೆ ನಿಂತ. ಮತ್ತೊಮ್ಮೆ "ನಮಸ್ಕಾರ" ಎಂದ. ಹನ್ನೊಂದು ನಮಸ್ಕಾರವಾದರೂ ಅದರ ಮುಂದಿನ ಪದ ಹೊರಡಲಿಲ್ಲ. ಎದುರಿಗೆ ಒಂದು ಕತ್ತಿಲ್ಲ, ಕಣ್ಣಿಲ್ಲ, ಯಾರೂ ಯಾವ ಕಡೆಗೂ ಹೊರಳುತ್ತಿಲ್ಲ. ಸ್ಪಂಜಿಗೆ ಏನೆಂದು ಕತೆ ಹೇಳುವುದು? ಹೊಸ ಅಂಗಿ ಬೆನ್ನಿಗೆ ಅಂಟಿತು.

ಮ್ಯಾನೇಜರು ಗಡಿಯಾರ ನೋಡಿದರು. ಕೊನೆಗೆ ಅವರಿಗೊಂದು ಬುದ್ಧಿ ಹೊಳೆಯಿತು. "ಯಾರಾದ್ರೂ ನಾಲ್ಕು ಜನ ಗುರುತಿನವರನ್ನ ಎದುರಿಗೆ ಕೂರಿಸಿ" ಎಂದರು. ಭಾವಮೈದನನ್ನು ದೋಣಿಯಿಂದ ಕರೆತಂದರು. ಅಕ್ಕನಿಗೆ ಗೂಡು ಮುಚ್ಚಿ ಬರಲು ಹೇಳಿದರು.

ಬಾಗಿಲಲ್ಲಿ ಅವಳು ನಿಂತಳು. ಈಗ ತಾನು ತಿರುಗಿ ಹೋದರೆ ಸಾಕು. ಟಿಕೆಟ್ ಗೂಡಿನಲ್ಲಿ ಜನ ಕಾಯುತ್ತಿದ್ದಾರೆ ಎಂದರೆ ಮುಗಿಯಿತು. ಕೋಣೆ ಖಾಲಿ ಉಳಿಯುತ್ತದೆ, ಪೆಟ್ಟಿಗೆ ಖಾಲಿ ಉಳಿಯುತ್ತದೆ, ಇವನ ಕೆಲಸವೂ ಉಳಿಯುತ್ತದೆ. ನಿನ್ನೆ ಇಡೀ ದಿನ ಬೆಟ್ಟ ಹತ್ತಿ ಕೇಳಿಕೊಂಡಿದ್ದು ಇದನ್ನೇ. ಅವಳು ಒಳಗೆ ನೋಡಿದಳು. ಮೈಕಣ್ಣ ಎರಡೂ ಕೈಯಲ್ಲಿ ಮೈಕಿನ ಕಾಲು ಹಿಡಿದುಕೊಂಡು, ಹದಿನೈದು ವರ್ಷದ ಹಿಂದೆ ಅವಳು ಕೂತಿದ್ದ ಹಾಗೆಯೇ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದ. ಅವಳನ್ನು ಕಂಡು, "ಬನ್ನಿ ಅಕ್ಕ" ಎಂದ. ಅಷ್ಟೇ.

ಅವಳು ಹೋಗಿ ಎದುರಿನ ಕುರ್ಚಿಯಲ್ಲಿ ಕೂತಳು.

ಮಾತು ಬಂತು. ಕಟ್ಟೆಯೊಡೆದು ಬಂತು. ಬಂಗಲೆಗೆ ನೂರ ಇಪ್ಪತ್ತು ಕಿಟಕಿಯಾದವು, ನಾವಿಕ ಒಂದು ತಿಂಗಳು ಬದುಕಿದ. ನಡುವೆ ಅವನು ಎಂದಿನ ತಮಾಷೆಯನ್ನೂ ಹೇಳಿದ: "ಎತ್ತರದ ಗೋಡೆ, ಸಣ್ಣ ಸಣ್ಣ ಕಿಟಕಿ ಕಾಣ್ತಿದೆಯಲ್ಲ, ಜೈಲು ಅಂದ್ಕೊಂಡ್ರಾ? ಅಲ್ಲ, ನಮ್ಮ ಹೆಡ್ಡಾಫೀಸು. ಜೈಲಲ್ಲಾದ್ರೆ ಹೊತ್ತಿಗೆ ಸರಿಯಾಗಿ ಊಟ ಕೊಡ್ತಾರೆ." ಸಾವಿರಾರು ಸಲ ಕೇಳಿ ಸವೆದ ತಮಾಷೆ. ಹೇಳಿ ಮುಗಿಸಿ ಅವನು ಅಕ್ಕನ ಮುಖ ನೋಡಿದ. ಅವಳು ನಕ್ಕಳು. ಮೊದಲು ಬಲವಂತಕ್ಕೆ ನಕ್ಕಳು, ಆಮೇಲೆ ಅಳು ಬರಬಾರದೆಂದು ನಕ್ಕಳು. ಪಕ್ಕದಲ್ಲಿ ಭಾವಮೈದನೂ ಹಲ್ಲು ಬಿಟ್ಟ. ಒಂದೂ ತಡೆಯಿಲ್ಲದೆ, ಒಂದೇ ಸಲಕ್ಕೆ ರೆಕಾರ್ಡಿಂಗು ಮುಗಿಯಿತು. ಮ್ಯಾನೇಜರು ಬಂದು ಕೈ ಕುಲುಕಿದರು, ಅಕ್ಕನ ಕೈಯನ್ನು.

ತಿಂಗಳು ತುಂಬುವುದರೊಳಗೆ ದೋಣಿಯಲ್ಲಿ ಪೆಟ್ಟಿಗೆ ಕೂತಿತು, ಮೈಕಣ್ಣ ಮನೆಯಲ್ಲಿ ಕೂತ. ಹೆಡ್ಡಾಫೀಸಿನವರು ಜೈಲಿನ ತಮಾಷೆಯನ್ನು ಕತ್ತರಿಸಿ ಎಸೆದರು. ನಗು ಮಾತ್ರ ಚೆನ್ನಾಗಿದೆ ಎಂದು ಇಟ್ಟುಕೊಂಡರು. ಅದನ್ನು ಎಲ್ಲಿ ಅಂಟಿಸುವುದೆಂದು ತಿಳಿಯದೆ ದೀಪಸ್ತಂಭದ ಎತ್ತರ ಹೇಳಿದ ತಕ್ಷಣ ಅಂಟಿಸಿದರು. ಈಗ ದಿನಕ್ಕೆ ಆರು ಸಲ ದೀಪಸ್ತಂಭದ ಎತ್ತರ ಕೇಳಿ ಒಬ್ಬ ಹೆಂಗಸು ಬಿದ್ದು ಬಿದ್ದು ನಗುತ್ತಾಳೆ. ಆ ನಗು ಕೇಳಿ ಪ್ರಯಾಣಿಕರಿಗೂ ನಗು ಬರುತ್ತದೆ. ದೋಣಿಯಿಂದಿಳಿದವರು ಗೂಡಿನ ಹತ್ತಿರ ಬಂದು, "ಅದ್ಯಾರು ಮೇಡಂ ಹಾಗೆ ನಗೋರು?" ಎಂದು ಕೇಳುತ್ತಾರೆ. ಮಾತಾಡಿದವರು ಯಾರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ಕೊನೆಯ ದೋಣಿ ಬರುವ ಹೊತ್ತಿಗೆ ಮೈಕಣ್ಣ ನಡೆದಾಡುವ ನೆಪ ಮಾಡಿಕೊಂಡು ದಡಕ್ಕೆ ಬರುತ್ತಾನೆ. ಗೂಡಿನ ಕಿಂಡಿಗೆ ಬಗ್ಗಿ, "ಇವತ್ತು ಯಾರಾದ್ರೂ ಏನಾದ್ರೂ ಕೇಳಿದ್ರಾ ಅಕ್ಕ?" ಎನ್ನುತ್ತಾನೆ.

"ಕೇಳಿದ್ರು."

"ಏನಂತ?"

"ಯಾರಪ್ಪಾ ಇದು, ಇಷ್ಟು ಚೆನ್ನಾಗಿ ಮಾತಾಡೋರು ಅಂತ."

"ನೀವೇನಂದ್ರಿ?"

"ನಮ್ಮ ಮೈಕಣ್ಣ ಅಂದೆ" ಎನ್ನುತ್ತಾಳೆ ಅಕ್ಕ. ಅವನು ತಲೆಯಾಡಿಸಿ, ಇನ್ನೇನೂ ಕೇಳದೆ ಮನೆಯ ಕಡೆ ನಡೆಯುತ್ತಾನೆ.